ಕನ್ನಡಿಯಲ್ಲಿ ಓಡದ ಕಣ್ಣು

ಸೇಡು ತೀರಿಸಿಕೊಂಡೆ. ಈ ಸಲದ ಕೈಲ್ ಮುಹೂರ್ತ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ದಿನ, ನಮ್ಮ ಹಿರಿಯರ ಕಾಲದ ಐನ್‌ಮನೆಯ ಅಂಗಳದಲ್ಲಿ, ಕುಟುಂಬದ ಮೂವತ್ತು ಮೂವತ್ತೈದು ಜನರ ಎದುರಿಗೇ ತೀರಿಸಿಕೊಂಡೆ. ಕತ್ತಿ ಬೇಡ, ಕೋವಿ ಬೇಡ, ಸಂತೆಯಲ್ಲಿ ತಂದ ಒಂದು ಕೈಗನ್ನಡಿ ಸಾಕಾಯಿತು. ಬರೆಯಲು ಕೂತರೆ ಈಗಲೂ ನಗು ಬಂದು ಪೆನ್ನು ಅಲ್ಲಾಡುತ್ತದೆ. ಅಕ್ಷರ ಓರೆಯಾದರೆ ಆಗಲಿ.

ಸೇಡು ಯಾರ ಮೇಲೆ ಅಂದರೆ ನನ್ನ ಓರಗಿತ್ತಿಯ ಮೇಲೆ, ನನ್ನ ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ಅಕ್ಕ ಅನ್ನುತ್ತೇನೆ. ಮನಸ್ಸಿನಲ್ಲಿ ಏನನ್ನುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಯಾಕೆ ಸೇಡು ಅಂದರೆ ನನ್ನ ಮೊಮ್ಮಗಳಿಗಾಗಿ. ನಾಲ್ಕು ತುಂಬಿ ಐದಕ್ಕೆ ನಡೆಯುತ್ತಿರುವ ಆ ಚಿನ್ನದ ತುಂಡನ್ನು ನಾಲ್ಕು ಕೈಲ್ ಮುಹೂರ್ತದಲ್ಲಿ ಕೋವಿಯ ಮುಂದೆ ನಿಲ್ಲಲು ಬಿಡದೆ ಅಡುಗೆಮನೆಯಲ್ಲಿ ಕೂರಿಸಿದ್ದಳು ಅವಳು. ಮಗುವಿಗೆ ಕಣ್ಣಿಲ್ಲ ಅಂತ.

ಆದರೆ ಆ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ. ಅದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾವುದೂ ಸರಿಹೋಗುವುದಿಲ್ಲ.

ನನ್ನ ಅಪ್ಪ ಪಾಲಿಬೆಟ್ಟದ ಹತ್ತಿರ ಒಂದು ದೊಡ್ಡ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಮದುವೆಯಾಗುವ ತನಕ ನಾನು ಅಲ್ಲಿಯ ಶೆಡ್ಡಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದೆ. ಸಿಪ್ಪೆ ಬಿಡಿಸಿದ ಹಸಿರು ಬೀಜವನ್ನು ಉದ್ದನೆಯ ಮೇಜಿನ ಮೇಲೆ ತೆಳ್ಳಗೆ ಹರಡಿಕೊಂಡು, ಕರಿ ಬೀಜ, ಒಡಕು ಬೀಜ, ಹುಳ ತೂತು ಹಾಕಿದ ಬೀಜ ಎಲ್ಲ ತೆಗೆದು ಪಕ್ಕದ ಡಬ್ಬಕ್ಕೆ ಹಾಕಬೇಕು. ನೋಡಿದವರು ಕೈ ಕೆಲಸ ಅಂದುಕೊಳ್ಳುತ್ತಾರೆ. ಅದು ಕಣ್ಣಿನ ಕೆಲಸ. ಕಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಾ ಇರುತ್ತದೆ, ಕೈ ಅದರ ಹಿಂದೆ ಓಡುತ್ತದೆ ಅಷ್ಟೇ.

ಹೊಸ ಹುಡುಗಿಯರು ಕೆಲಸಕ್ಕೆ ಬಂದರೆ ಶೆಡ್ಡಿನಲ್ಲಿ ಒಂದು ಪರೀಕ್ಷೆ ಇತ್ತು. ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಹುಡುಗಿಯನ್ನು ಎದುರಿಗೆ ಕೂರಿಸಿ, “ನನ್ನ ಮೂಗು ನೋಡು” ಅನ್ನುವಳು. ಆಮೇಲೆ ಬಲಗಡೆ ಒಂದು ಬೀಜ, ಎಡಗಡೆ ಒಂದು ಬೀಜ ಟಕ್ಕನೆ ಮೇಜಿನ ಮೇಲೆ ಇಡುವಳು. ಕಣ್ಣು ಮೊದಲು ಓಡಿ ತಲೆ ಆಮೇಲೆ ತಿರುಗಿದರೆ ಮೇಜಿಗೆ ಕೂರಬಹುದು. ತಲೆ ಮೊದಲು ತಿರುಗಿತೋ, “ಇವಳಿಗೆ ಕಣ್ಣಿಲ್ಲ, ಚೀಲ ಹೊಲಿಯೋಕೆ ಕಳಿಸಿ” ಅನ್ನುವಳು. ನನ್ನ ಕಣ್ಣು ಎಷ್ಟು ಬೇಗ ಓಡಿತು ಅಂದರೆ ಮುದುಕಿ ಇನ್ನೊಂದು ಸಲ ಬೀಜ ಇಟ್ಟು ನೋಡಿ, “ಬೆಕ್ಕಿನ ಕಣ್ಣು” ಅಂದಿದ್ದಳು. ಅದು ನನಗೆ ಸಿಕ್ಕಿದ ಒಂದೇ ಸರ್ಟಿಫಿಕೇಟು. ಅದನ್ನು ಇಷ್ಟು ವರ್ಷ ತಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿಕೊಂಡಿದ್ದೆ.

ಮೊಮ್ಮಗಳು ಹುಟ್ಟಿ ಐದನೇ ತಿಂಗಳಿಗೆ ನಾನು ಅದೇ ಪರೀಕ್ಷೆ ಮಾಡಿದೆ. ಜಗಲಿಯಲ್ಲಿ ಚಾಪೆ ಹಾಸಿ ಮಗುವನ್ನು ಮಲಗಿಸಿದ್ದೆ. ಬೇರೆ ಮಕ್ಕಳಾದರೆ ಆ ವಯಸ್ಸಿಗೆ ಬಳೆ ಸದ್ದು ಮಾಡಿದ ಕಡೆ ಕಣ್ಣು ಹೊರಳಿಸುತ್ತವೆ. ಇವಳು ಇಟ್ಟ ಕಡೆ ಕಣ್ಣಿಟ್ಟು ಹಾಗೇ ಇರುತ್ತಿದ್ದಳು. ಒಂದು ಕರಿ ಬೀಜ ತಂದು ಮಗುವಿನ ಬಲಗಡೆ ಹಿಡಿದೆ. ಕಣ್ಣು ಓಡಲಿಲ್ಲ. ಎಡಗಡೆ ಹಿಡಿದೆ. ಇಲ್ಲ. ಓರಗಿತ್ತಿ ಅಲ್ಲೇ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು.

“ಎಂಥ ಮಾಡ್ತಿದ್ದೀಯೇ ಮಗೂಗೆ?” ಅಂದಳು.

“ಅಕ್ಕ, ಇದಕ್ಕೆ ಕಣ್ಣಿಲ್ಲ” ಅಂದೆ ನಾನು.

ಹೆದರಿಕೆಗೆ ಬಾಯಿಂದ ಬಿದ್ದ ಮಾತು. ಅಯ್ಯೋ ಹಾಗೆಲ್ಲ ಹೇಳಬೇಡ ಅಂತ ಅವಳು ಗದರಿಸಲಿ ಅನ್ನುವ ಆಸೆಯೂ ಅದರಲ್ಲಿತ್ತು. ಮಗುವಿನ ತಾಯಿ, ನನ್ನ ಸೊಸೆ, ಒಳಗೆ ಮಲಗಿದ್ದಾಳೆ, ಕೇಳಿಸಲಿಲ್ಲ ಅಂದುಕೊಂಡೆ. ಓರಗಿತ್ತಿ ಗದರಿಸಲಿಲ್ಲ. ಹಲಸಿನ ಬೀಜ ಬುಟ್ಟಿಗೆ ಹಾಕಿ, ಸೆರಗು ಕೊಡವಿ ಎದ್ದಳು. ಸಂಜೆಯೊಳಗೆ ನಮ್ಮ ಕುಟುಂಬದ ಏಳು ಮನೆಗೂ ಸುದ್ದಿ ಹೋಯಿತು. ಏಳನೇ ಮನೆಯವರು ನನಗೇ ಫೋನ್ ಮಾಡಿ, “ಹೌದಾ, ಮಗೂಗೆ ಎರಡೂ ಇಲ್ವಂತೆ?” ಅಂತ ಕೇಳಿದರು.

ನಮ್ಮ ಕುಟುಂಬದಲ್ಲಿ ಕೈಲ್ ಮುಹೂರ್ತದ ದಿನ ಹೀಗೆ ಒಂದು ರೂಢಿ. ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು ಒರೆಸಿ ದೀಪದ ಮುಂದೆ ಪೂಜೆಯಾದ ಮೇಲೆ, ಕೋವಿಗಳನ್ನು ಅಂಗಳಕ್ಕೆ ತಂದು ಹೊಸ ಚಾಪೆಯ ಮೇಲೆ ಇಡುತ್ತೇವೆ. ಮನೆಗೆ ಹಿರಿಯರಾದವರು ಚಾಪೆಯ ಪಕ್ಕ ನಿಂತು ಒಬ್ಬೊಬ್ಬರ ಹಣೆಗೂ ಗಂಧ ಹಚ್ಚುತ್ತಾರೆ, ಕೋವಿಗೆ ಸಿಕ್ಕಿಸಿದ ಕೆಂಪು ಹಳದಿ ಹೂವಿನ ಒಂದು ಎಸಳು ಕೈಗೆ ಕೊಡುತ್ತಾರೆ. ಎದೆ ಹಾಲು ಕುಡಿಯುವ ಮಗುವನ್ನೂ ಎತ್ತಿಕೊಂಡು ಬಂದು ನಿಲ್ಲಿಸಬೇಕು. ಹಾಗೆ ನಿಂತವರು ಕುಟುಂಬದವರು. ಮದುವೆಯಾಗಿ ಬಂದ ನಾನು ಮೊದಲ ಸಲ ಆ ಗಂಧ ಹಚ್ಚಿಸಿಕೊಂಡ ಮೇಲೆಯೇ ಇದು ನನ್ನ ಮನೆ ಅನಿಸಿದ್ದು.

ಆ ವರ್ಷ ಮಗುವನ್ನು ಎತ್ತಿಕೊಂಡು ಸೊಸೆ ಅಂಗಳಕ್ಕೆ ಇಳಿದರೆ, ಓರಗಿತ್ತಿ ಕೈ ಅಡ್ಡ ಹಿಡಿದಳು. “ಕಣ್ಣಿಲ್ಲದ ಮಗು ಕೋವಿ ಮುಂದೆ ನಿಂತ್ರೆ ಗುರಿ ತಪ್ಪುತ್ತೆ. ಒಳಗೆ ಕೂತ್ಕೋ.” ಇಂಥ ಒಂದು ನಿಯಮವನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆದರೆ ಅವಳು ದೊಡ್ಡ ಸೊಸೆ, ಐನ್‌ಮನೆಯಲ್ಲಿ ದೀಪ ಹಚ್ಚುವವಳು, ಅವಳು ಹೇಳಿದ್ದು ಹಳೆಯ ಕಾಲದ್ದು ಅಂತ ಎಲ್ಲರೂ ನಂಬಿದರು. ಹಬ್ಬದ ದಿನ ಜಗಳ ಬೇಡ ಅಂದ ನನ್ನ ಗಂಡ. ನನ್ನ ಮಗನೂ ತಲೆ ತಗ್ಗಿಸಿದ. ನಾನು? ಮಾತು ನನ್ನದೇ ಆಗಿತ್ತಲ್ಲ. ಯಾವ ಬಾಯಲ್ಲಿ ಬೇಡ ಅನ್ನಲಿ?

ಮಗು ಕೂರಲು ಕಲಿತ ಮೇಲೆ ಇನ್ನೊಂದು ಶುರುವಾಯಿತು. ಪಕ್ಕದಲ್ಲಿ ಏನಾದರೂ ನೋಡಬೇಕಾದರೆ ತಲೆಯನ್ನು ಫಟ್ಟನೆ ಆ ಕಡೆಗೆ ಎಸೆಯುತ್ತಿದ್ದಳು. ಬೇಕಾದ್ದಕ್ಕಿಂತ ಒಂದು ಗೇಣು ಮುಂದೆ ಹೋಗಿ, ಕಣ್ಣು ಅದರ ಮೇಲೆ ನಿಂತ ಮೇಲೆ, ತಲೆ ನಿಧಾನವಾಗಿ ವಾಪಸು ಬರುತ್ತಿತ್ತು. ಹಾಗೆ ನೋಡಿಯೇ ಅನ್ನದಲ್ಲಿ ಬಿದ್ದ ಇರುವೆಯನ್ನು ಹೆಕ್ಕಿ ತೆಗೆಯುತ್ತಿದ್ದಳು ನನ್ನ ಬಂಗಾರ! ಕಣ್ಣು ಕಾಣುತ್ತದೆ ಅಂತ ನಮಗೆ ಮನೆಯಲ್ಲಿ ಗೊತ್ತಾಯಿತು. ಮಡಿಕೇರಿಯ ಕಣ್ಣಿನ ಡಾಕ್ಟರೂ ಕಣ್ಣು ಸರಿಯಾಗಿದೆ, ಸ್ವಲ್ಪ ದೊಡ್ಡದಾಗಲಿ ನೋಡೋಣ ಅಂದಿದ್ದರು. ಓರಗಿತ್ತಿಗೆ ಹೇಳಿದರೆ, “ಕಾಣೋದಾದ್ರೆ ಓತಿಕ್ಯಾತನ ಹಾಗೆ ತಲೆ ಯಾಕೆ ಆಡಿಸ್ತದೆ?” ಅಂದಳು. ಮರುದಿನದಿಂದ ಕುಟುಂಬದ ಮಕ್ಕಳೆಲ್ಲ ನನ್ನ ಮೊಮ್ಮಗಳನ್ನು ಕಂಡರೆ ಬೇಲಿ ಮೇಲಿನ ಓತಿಯ ಹಾಗೆ ತಲೆ ಕುಣಿಸತೊಡಗಿದವು. ಮಕ್ಕಳಿಗೆ ಹೇಳಿಕೊಟ್ಟದ್ದು ಯಾರು ಅಂತ ಬೇರೆ ಹೇಳಬೇಕೇ?

ಅಂದಿನಿಂದ ನಾನು ಸೇಡಿಗೆ ಕೂತೆ. ದೊಡ್ಡದು ಮಾಡಲು ದಾರಿಯಿರಲಿಲ್ಲ, ಸಣ್ಣದಾಗಿ ಶುರು ಮಾಡಿದೆ. ನಮ್ಮ ತೋಟದ ಕಾಫಿ ಆರಿಸುವಾಗ ತೆಗೆದು ಬಿಸಾಡುವ ಕರಿ ಬೀಜವನ್ನು ಬಿಸಾಡದೆ ಹುರಿದು, ಪುಡಿ ಮಾಡಿ, ಕರಿ ಮುಚ್ಚಳದ ಒಂದು ಡಬ್ಬಿಯಲ್ಲಿ ತುಂಬಿದೆ. ಒಳ್ಳೆಯ ಪುಡಿ ಕೆಂಪು ಮುಚ್ಚಳದ್ದರಲ್ಲಿ. ಓರಗಿತ್ತಿ ಮನೆಗೆ ಬಂದರೆ ಅವಳಿಗೆ ಕರಿ ಮುಚ್ಚಳದ ಕಾಫಿ. ಬೂದಿ ಕಲಸಿದ ಹಾಗಿರುತ್ತದೆ ಅದು, ಕುಡಿದ ಮೇಲೆ ಗಂಟಲು ಒಂದು ಗಂಟೆ ಹೊತ್ತು ಕೆರೆಯುತ್ತದೆ. ಮೊದಲ ಸಲ ಕೊಟ್ಟು ಬಾಗಿಲ ಹಿಂದೆ ನಿಂತು ನೋಡಿದೆ. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು.

“ನಿನ್ನ ಕಾಫಿಗೆ ಒಳ್ಳೆ ಸ್ಟ್ರಾಂಗ್ ಉಂಟು ಮಾರಾಯ್ತಿ, ಇನ್ನರ್ಧ ಲೋಟ ಕೊಡು” ಅಂದಳು.

ನಾಲ್ಕು ವರ್ಷ ಹಾಗೆ ಕುಡಿದಳು. ಮನೆಗೆ ಒಯ್ಯಲೂ ಕೇಳಿದಳು. ನನ್ನ ಹೊಟ್ಟೆಯ ಉರಿ ಹೆಚ್ಚಾಯಿತೇ ಹೊರತು ತಣಿಯಲಿಲ್ಲ. ಸಾಲದ್ದಕ್ಕೆ ಸೊಸೆ ಮಾಡಿಕೊಡುವ ನನ್ನ ಬೆಳಗಿನ ಕಾಫಿಯೂ ಯಾಕೋ ಕಹಿಯಾಗಿಯೇ ಇರುತ್ತಿತ್ತು. ವಯಸ್ಸಾಯಿತು, ನಾಲಿಗೆಯೂ ಹೋಯಿತು ಅಂದುಕೊಂಡೆ.

ಹೋದ ವರ್ಷದ ಹಬ್ಬದಲ್ಲಿ ನಾನೂ ಮೊಮ್ಮಗಳ ಜೊತೆ ಅಡುಗೆಮನೆಯಲ್ಲೇ ಕೂತಿದ್ದೆ. ಹೊರಗೆ ಹಬ್ಬದ ಪಂದ್ಯ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸದ್ದು, ಗಲಾಟೆ. ಮಗು ಕಡಂಬಿಟ್ಟಿನ ಅಕ್ಕಿ ಉಂಡೆಯನ್ನು ಕೈಯಲ್ಲಿ ಹಿಸುಕುತ್ತಾ ಕೇಳಿತು, “ಅಜ್ಜೀ, ಕೋವಿಗೆ ನನ್ನ ಕಂಡ್ರೆ ಹೆದ್ರಿಕೆಯಾ?”

“ಹೌದು ಮಗಾ” ಅಂದೆ. “ಭಾರಿ ಹೆದರಿಕೆ ಅದಕ್ಕೆ.”

ಆವತ್ತೇ ತೀರ್ಮಾನ ಮಾಡಿದೆ. ಮುಂದಿನ ವರ್ಷ ಈ ಮಗು ಆ ಚಾಪೆಯ ಮುಂದೆ ನಿಲ್ಲಬೇಕು. ಇಲ್ಲದಿದ್ದರೆ ನಾನೂ ಇನ್ನು ಐನ್‌ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಈ ಬೇಸಿಗೆಯಲ್ಲಿ ಮೈಸೂರಿಗೆ ಹೋದೆವು. ನಾನು, ಸೊಸೆ, ಮಗು. ಮಗ ಹೋಮ್‌ಸ್ಟೇಗಳಿಗೆ ಜೀಪು ಓಡಿಸುತ್ತಾನೆ, ಸೀಸನ್ ಬಿಡಲಾಗಲಿಲ್ಲ. ಅಲ್ಲಿ ಕಣ್ಣಿನ ಡಾಕ್ಟರು ನೋಡಿ ಮಕ್ಕಳ ನರದ ಡಾಕ್ಟರ ಹತ್ತಿರ ಕಳಿಸಿದರು. ನನ್ನ ಸೊಸೆಗಿಂತ ಚಿಕ್ಕ ಹುಡುಗಿ ಆ ಡಾಕ್ಟರಮ್ಮ. ಕಪ್ಪು ಬಿಳಿ ಪಟ್ಟೆ ಇರುವ ಒಂದು ಡಬ್ಬವನ್ನು ಮಗುವಿನ ಮುಂದೆ ತಿರುಗಿಸಿದರು. ತಲೆಯನ್ನು ಮೆತ್ತಗೆ ಹಿಡಿದುಕೊಂಡು ಒಂದು ಗೊಂಬೆಯನ್ನು ಆ ಕಡೆ ಈ ಕಡೆ ತೋರಿಸಿದರು. ಆಮೇಲೆ ಮೇಲೆ, ಕೆಳಗೆ. ಮಿದುಳಿನ ಫೋಟೋವನ್ನೂ ತೆಗೆಸಿ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ ಅಂದರು. ಕೊನೆಗೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು.

“ಅಜ್ಜಿ, ಇವಳಿಗೆ ಕಣ್ಣು ಚೆನ್ನಾಗಿ ಕಾಣುತ್ತೆ. ಕಂಡದ್ದು ಅರ್ಥವೂ ಆಗುತ್ತೆ. ಆದರೆ ನಾವು ಒಂದು ಕಡೆ ನೋಡ್ತಾ ಇರುವಾಗ ಪಕ್ಕದಲ್ಲಿ ಏನಾದ್ರೂ ಇದ್ರೆ ಕಣ್ಣು ಅಲ್ಲಿಗೆ ಛಂಗಂತ ಹಾರುತ್ತಲ್ಲ, ಹಾರು ಅಂತ ಅಪ್ಪಣೆ ಕೊಡೋದು ಮಿದುಳು. ಇವಳಲ್ಲಿ ಆ ಅಪ್ಪಣೆ ಸರಿಯಾಗಿ ಹೊರಡೋದಿಲ್ಲ. ಪಕ್ಕಕ್ಕೆ ಮಾತ್ರ. ಮೇಲೆ ಕೆಳಗೆ ನೋಡೋಕೆ ಏನೂ ತೊಂದರೆ ಇಲ್ಲ.”

ನಾನು ಯೋಚನೆ ಮಾಡಿ ಕೇಳಿದೆ. “ಅಂದ್ರೆ ಎಸ್ಟೇಟಿನ ದೊರೆ ಹೇಳಿದ್ದು ಆಫೀಸಿನ ರೈಟರಿಗೆ ಬಂತು, ರೈಟರಿಂದ ಮೇಸ್ತ್ರಿಗೆ ಹೋಗ್ಲಿಲ್ಲ. ಲೈನ್ ಮನೆಗಳ ಆಳುಗಳು ಗಟ್ಟಿಯಾಗೇ ಇದ್ದಾರೆ, ಆದ್ರೆ ಕೆಲಸಕ್ಕೆ ಹೊರಡದೆ ಕೂತಿದ್ದಾರೆ. ಹಾಗಾ?”

ಡಾಕ್ಟರಮ್ಮ ಜೋರಾಗಿ ನಕ್ಕರು. “ಹಾಗೇ ಅಂತ ಇಟ್ಕೊಳ್ಳಿ.”

“ಮತ್ತೆ ತಲೆ ಎಸೆಯೋದು?”

“ತಲೆ ತಿರುಗಿಸಿದಾಗ ಕಣ್ಣು ತಾನಾಗೇ ಹಿಂದುಳಿದು ಮೂಲೆ ಸೇರುತ್ತೆ. ತಲೆ ಇನ್ನೂ ಮುಂದೆ ಹೋದರೆ ಮೂಲೆಗೆ ಸೇರಿದ ಕಣ್ಣನ್ನೂ ಎಳ್ಕೊಂಡು ಹೋಗುತ್ತೆ. ಹಾಗೆ ಕಣ್ಣನ್ನು ಬೇಕಾದ ಜಾಗಕ್ಕೆ ತಂದು ನಿಲ್ಲಿಸಿ, ಆಮೇಲೆ ತಲೆ ವಾಪಸ್ ತರ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ ಅಜ್ಜಿ. ಅವಳೇ ಕಂಡುಕೊಂಡ ದಾರಿ. ದೊಡ್ಡವಳಾದ ಹಾಗೆ ಕಡಿಮೆ ಆಗಬಹುದು. ಓದುವಾಗ ಸ್ವಲ್ಪ ಹೊತ್ತು ಹೆಚ್ಚು ಬೇಕಾಗಬಹುದು, ಕೊಡಿ.”

ಕೇಳಿದಿರಾ? ಮೇಸ್ತ್ರಿ ಬರಲಿಲ್ಲ ಅಂತ ನನ್ನ ಮೊಮ್ಮಗಳು ಕಾದು ಕೂರಲಿಲ್ಲ. ತಾನೇ ಲೈನಿಗೆ ಹೋಗಿ ಜನರನ್ನು ಎಬ್ಬಿಸಿ ಕರೆದುಕೊಂಡು ಬಂದಳು, ಇನ್ನೂ ಹಲ್ಲು ಸರಿಯಾಗಿ ಬಾರದ ವಯಸ್ಸಿನಲ್ಲಿ! ಆ ರೂಮಿನಲ್ಲೇ ಅವಳನ್ನು ಎತ್ತಿ ಮುದ್ದಾಡಿ, ಡಾಕ್ಟರಮ್ಮನ ಕೆನ್ನೆಯನ್ನೂ ಸವರಿಬಿಟ್ಟೆ. ಆಮೇಲೆ ಶೆಡ್ಡಿನ ಪರೀಕ್ಷೆಯ ನೆನಪಾಗಿ ಖುಷಿ ಅರ್ಧಕ್ಕೆ ನಿಂತಿತು. ಸೊಸೆ ಮಗುವಿಗೆ ನೀರು ಕುಡಿಸಲು ಹೊರಗೆ ಹೋದಾಗ ಮೆಲ್ಲಗೆ ಎಲ್ಲ ಹೇಳಿಕೊಂಡೆ. ಬೀಜ ಇಟ್ಟದ್ದು, ಕಣ್ಣು ಓಡದ್ದು, ನಾನು ಅಂದದ್ದು.

“ಪರೀಕ್ಷೆ ಒಳ್ಳೆಯದೇ” ಅಂದರು ಅವರು. “ಕಣ್ಣು ಹಾರೋದಿಲ್ಲ ಅಂತ ಎಲ್ಲರಿಗಿಂತ ಮೊದಲು ನೋಡಿದ್ದು ನೀವು. ಹಾರದ ಕಣ್ಣು ಕಾಣೋದೂ ಇಲ್ಲ ಅಂದ್ಕೊಂಡದ್ದು ಮಾತ್ರ ತಪ್ಪು. ಅಷ್ಟಕ್ಕೂ ಕಣ್ಣು ಹಾರುವಾಗ ಯಾರಿಗೂ ಏನೂ ಕಾಣೋದಿಲ್ಲ, ಗೊತ್ತಾ?”

ಗೋಡೆಯ ಕನ್ನಡಿಯ ಮುಂದೆ ನನ್ನನ್ನು ನಿಲ್ಲಿಸಿದರು. ನಿಮ್ಮ ಎಡಗಣ್ಣು ನೋಡಿ, ಈಗ ಬಲಗಣ್ಣು ನೋಡಿ, ಈಗ ಮತ್ತೆ ಎಡಗಣ್ಣು. ಕಣ್ಣು ಓಡೋದು ಕಾಣ್ತದಾ? ಅಂದರು. ನೋಡಿದೆ. ಮತ್ತೆ ನೋಡಿದೆ. ಬೆಕ್ಕಿನ ಕಣ್ಣಿನವಳು ನಾನು. ಕನ್ನಡಿಯಲ್ಲಿ ನನ್ನ ಕಣ್ಣು ಕಲ್ಲಿನ ಹಾಗೆ ನಿಂತಿತ್ತು, ಯಾವಾಗ ನೋಡಿದರೂ ನಿಂತೇ ಇತ್ತು. “ನನಗೆ ಕಾಣ್ತಾ ಇದೆ, ಟಕಟಕ ಅಂತ ಓಡ್ತಾ ಇದೆ” ಅಂದರು ಡಾಕ್ಟರಮ್ಮ ಪಕ್ಕದಲ್ಲಿ ನಿಂತು. ಕಣ್ಣು ಹಾರುವ ಆ ಚೂರು ಹೊತ್ತು ಮಿದುಳು ಪರದೆ ಹಾಕಿಬಿಡುತ್ತದಂತೆ. ಇಲ್ಲದಿದ್ದರೆ ಲೋಕವೆಲ್ಲ ಕಲಸಿದ ಹಾಗೆ ಕಂಡು ತಲೆ ತಿರುಗಬೇಕಂತೆ. ಸೆಕೆಂಡಿಗೆ ಎರಡು ಮೂರು ಸಲ ಕಣ್ಣು ಹಾರುತ್ತದೆ, ಅಷ್ಟು ಸಲವೂ ನಾವು ಕುರುಡರು. ಕುರುಡಾದದ್ದು ನಮಗೆ ಗೊತ್ತಾಗದ ಹಾಗೆ ಮಿದುಳು ಹೊಲಿಗೆ ಹಾಕಿಬಿಡುತ್ತದೆ.

“ಮೊಬೈಲಿನಲ್ಲಿ ನೋಡಿಕೊಂಡ್ರೆ ಓಡೋದು ಕಾಣುತ್ತೆ” ಅಂತಲೂ ಹೇಳಿದರು. “ಮೊಬೈಲ್ ಒಂದು ಚೂರು ತಡವಾಗಿ ತೋರಿಸುತ್ತೆ, ಅಷ್ಟರಲ್ಲಿ ಕಣ್ಣು ಹಾರಿ ಮುಗಿದಿರುತ್ತೆ. ಕನ್ನಡಿಯಲ್ಲಿ ಮಾತ್ರ ಯಾರಿಗೂ ಕಾಣೋದಿಲ್ಲ.”

ಯಾರಿಗೂ! ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ನನಗೆ ಓರಗಿತ್ತಿಯ ಮುಖ ಕಣ್ಣ ಮುಂದೆ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. “ಯಾಕತ್ತೆ?” ಅಂತ ಸೊಸೆ ಕೇಳಿದರೆ, “ಸುಮ್ನೆ” ಅಂದೆ. ಅವಳು ಶನಿವಾರಸಂತೆಯ ಕಡೆಯವಳು. ಮುಂದಿನ ಸಲ ತವರಿಗೆ ಹೋದಾಗ ಸಂತೆಯಿಂದ ನನಗೊಂದು ಕೈಗನ್ನಡಿ ತರಲು ಹೇಳಿದೆ. “ದೊಡ್ಡದು ತಾ. ಎರಡೂ ಕಣ್ಣು ಹಿಡಿಯುವಷ್ಟು.”

ಹಬ್ಬ ಬಂತು. ಕನ್ನಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ಹೋದೆ. ಪೂಜೆಯಾಗಿ ಕೋವಿಗಳು ಅಂಗಳದ ಚಾಪೆಗೆ ಬಂದವು. ನನ್ನ ಮಾವನವರ ತಮ್ಮ, ಚಿಕ್ಕಮಾವ ಅನ್ನುತ್ತೇವೆ, ಅವರೇ ಈಗ ಮನೆಗೆ ಹಿರಿಯರು. ಗಂಧದ ಬಟ್ಟಲು ಹಿಡಿದು ನಿಂತಿದ್ದರು. ನಮ್ಮ ಸರದಿ ಬಂದಾಗ ಸೊಸೆ ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿದಳು. ಕಾದಿದ್ದಳೇನೋ ಅನ್ನುವ ಹಾಗೆ ಓರಗಿತ್ತಿ ಎದ್ದಳು.

“ಇದನ್ನ ಯಾಕೆ ತಂದದ್ದು? ಹೋದ ವರ್ಷ ಅಡುಗೆಮನೆ ಕಿಟಕಿಯಿಂದ ಇಣುಕಿದ್ದಕ್ಕೇ ನನ್ನ ಮಗನ ಮೊದಲ ಗುಂಡು ತಪ್ಪಿತು.”

“ಡಾಕ್ಟ್ರು ಕಾಣುತ್ತೆ ಅಂದಿದ್ದಾರೆ, ದೊಡ್ಡತ್ತೆ” ಅಂದಳು ಸೊಸೆ.

“ಡಾಕ್ಟ್ರು ಸಾವಿರ ಅಂತಾರೆ. ನಾನು ನನ್ನ ಕಣ್ಣಲ್ಲಿ ನೋಡಿದ್ದನ್ನ ನಂಬುವವಳು.”

ಅಷ್ಟೇ ಬೇಕಾಗಿತ್ತು ನನಗೆ.

“ನಿಮ್ಮ ಕಣ್ಣಿಗೆ ಎಲ್ಲ ಕಾಣ್ತದಾ ಅಕ್ಕ?” ಅಂದೆ.

“ಕಾಣದೆ ಏನು? ಈ ವಯಸ್ಸಿಗೂ ಸೂಜಿಗೆ ದಾರ ನಾನೇ ಹಾಕುವುದು.”

“ಹಾಗಾದ್ರೆ ಇದರಲ್ಲಿ ಒಂದು ನೋಡಿ ಹೇಳಿ” ಅಂತ ಕನ್ನಡಿ ತೆಗೆದು ಅವಳ ಮುಖದ ಮುಂದೆ ಹಿಡಿದೆ. “ಎಡಗಣ್ಣು ನೋಡಿ. ಈಗ ಬಲಗಣ್ಣು. ಈಗ ಎಡ. ನಿಮ್ಮ ಕಣ್ಣು ಓಡೋದು ಕಂಡ ತಕ್ಷಣ ಹೇಳಿ.”

ಜನ ಸುತ್ತ ಸೇರಿದರು. ಓರಗಿತ್ತಿ ಕನ್ನಡಿ ಕಸಿದುಕೊಂಡು ಹಣೆ ಗಂಟಿಕ್ಕಿ ನೋಡಿದಳು. ಎಡ, ಬಲ, ಎಡ. “ಎಲ್ಲಿ ಓಡ್ತದೆ? ನಿಂತೇ ಇದೆ.”

ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕಳು. “ದೊಡ್ಡಮ್ಮ, ಓಡ್ತಾ ಇದೆಯಲ್ಲ!”

“ಇಲ್ಲ. ನನಗೆ ಕಾಣದ್ದು ನಿನಗೆ ಹೇಗೆ ಕಾಣ್ತದೆ?” ಮತ್ತೆ ನೋಡಿದಳು. ಕಣ್ಣು ಆ ಮೂಲೆಗೆ ಈ ಮೂಲೆಗೆ ಇಲಿಯ ಹಾಗೆ ಓಡುತ್ತಿದೆ, ಅಂಗಳದಲ್ಲಿದ್ದವರೆಲ್ಲ ನೋಡುತ್ತಿದ್ದಾರೆ, ಅವಳು ಒಬ್ಬಳೇ “ಇಲ್ಲ, ಇಲ್ಲ” ಅನ್ನುತ್ತಿದ್ದಾಳೆ. ನಗು ಒಂದು ಕಡೆಯಿಂದ ಶುರುವಾಗಿ ಇಡೀ ಅಂಗಳಕ್ಕೆ ಹರಡಿತು. ಅವಳ ಗಂಡ ನಕ್ಕ, ಮಗ ನಕ್ಕ. ನಾಲ್ಕು ವರ್ಷ ಕಾದ ನಗು ಅದು. ಇಂಥ ರುಚಿಯಾದ ಊಟ ನಾನು ಯಾವ ಹಬ್ಬದಲ್ಲೂ ಮಾಡಿಲ್ಲ.

“ಅಕ್ಕ, ಅಂಗಳದಲ್ಲಿದ್ದ ಎಲ್ಲರಿಗೂ ಕಂಡದ್ದು ನಿಮಗೆ ಕಾಣ್ಲಿಲ್ಲ. ಬನ್ನಿ, ಅಡುಗೆಮನೆಯಲ್ಲಿ ಮಣೆ ಹಾಕಿಕೊಡ್ತೇನೆ, ಕೂತ್ಕೊಳ್ಳಿ” ಅಂದೆ.

ಅವಳ ಮುಖ ಕೆಂಪಾಯಿತು. ಕನ್ನಡಿಯನ್ನು ನನ್ನ ಕೈಗೆ ತುರುಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಈಗ ಭಾರಿ ಮಾತಾಡ್ತೀಯಲ್ಲ. ಈ ಮಗೂಗೆ ಕಣ್ಣಿಲ್ಲ ಅಂತ ಮೊದಲು ಹೇಳಿದ್ದು ಯಾರು? ಜಗಲಿ ಮೇಲೆ, ಕಾಫಿ ಬೀಜ ಹಿಡಿದು? ನಾನಾ? ನೀನಾ?”

ನಗು ನಿಂತಿತು. ನಾನು ಸೊಸೆಯ ಕಡೆ ನೋಡಲಿಲ್ಲ, ನೋಡಲು ಆಗಲಿಲ್ಲ. ಮಗನ ಕಡೆ ನೋಡಿದೆ, ಅವನು ಬಾಯಿ ತೆರೆದು ನಿಂತಿದ್ದ.

“ನಾನೇ” ಅಂದೆ. “ನಾನೇ ಹೇಳಿದ್ದು. ನನಗೂ ಈ ಕನ್ನಡಿಯಲ್ಲಿ ಏನೂ ಕಾಣ್ಲಿಲ್ಲ. ನಿಮಗಿಂತ ಮೊದಲು ನೋಡಿದವಳು ನಾನು.”

ಚಿಕ್ಕಮಾವ ಗಂಧದ ಬಟ್ಟಲನ್ನು ಪಕ್ಕದವರ ಕೈಗೆ ಕೊಟ್ಟು, “ತಾ ಇಲ್ಲಿ” ಅಂದರು. ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಎಡಗಣ್ಣು, ಬಲಗಣ್ಣು ನೋಡಿಕೊಂಡರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಆಮೇಲೆ ಪಕ್ಕದವರಿಗೆ ಕೊಟ್ಟರು. ಕನ್ನಡಿ ಕೈಯಿಂದ ಕೈಗೆ ಹೋಯಿತು. ಗುರಿಕಾರರು ಅಂತ ಹೆ‌ಸರಾದವರು, ಮೀಸೆ ತಿರುವಿಕೊಂಡು ಬಂದವರು, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಎಲ್ಲರೂ ನೋಡಿದರು. ಯಾರಿಗೂ ಕಾಣಲಿಲ್ಲ. ಒಬ್ಬಳು ಮೊಬೈಲು ಹಿಡಿದು “ನಂಗೆ ಕಾಣ್ತು!” ಅಂತ ಕೂಗಿದಳು. ನನಗೆ ಡಾಕ್ಟರಮ್ಮ ಮೊದಲೇ ಹೇಳಿಕೊಟ್ಟಿದ್ದರಲ್ಲ. “ಅದು ನಿನ್ನ ಕಣ್ಣಿಗೆ ಕಂಡದ್ದಲ್ಲ, ಮೊಬೈಲು ಹಿಂದಿನದನ್ನು ತೋರಿಸ್ತಿದೆ, ಕನ್ನಡಿ ಹಿಡಿ” ಅಂದೆ. ಹಿಡಿದಳು. ಪೆಚ್ಚಾದಳು.

ಚಿಕ್ಕಮಾವ ಬಟ್ಟಲನ್ನು ವಾಪಸು ತೆಗೆದುಕೊಂಡು ಓರಗಿತ್ತಿಗೆ ಹೇಳಿದರು. “ಕಣ್ಣಿಲ್ಲದವರು ಕೋವಿ ಮುಂದೆ ನಿಲ್ಲಬಾರದು ಅಂದ್ರೆ ಇವತ್ತು ಎಲ್ಲರೂ ಅಡುಗೆಮನೆಗೆ ಹೋಗಬೇಕು. ಅಷ್ಟು ಜನಕ್ಕೆ ಅಲ್ಲಿ ಜಾಗ ಉಂಟಾ?” ಆಮೇಲೆ ಮಗುವಿನ ಕಡೆ ತಿರುಗಿ, “ಬಾ ಮಗಾ” ಅಂದರು.

ಮಗು ತಾಯಿಯ ಕೈ ಬಿಡಿಸಿಕೊಂಡು ಒಬ್ಬಳೇ ಚಾಪೆಯ ತನಕ ನಡೆದಳು. ಬಲಗಡೆಯ ಕೋವಿ ನೋಡಲು ತಲೆ ಎಸೆದಳು, ಎಡಗಡೆಯದಕ್ಕೆ ಎಸೆದಳು. ಯಾವ ಮಗುವೂ ಓತಿ ಅನ್ನಲಿಲ್ಲ. ಚಿಕ್ಕಮಾವ ಗಂಧ ಹಚ್ಚಿದರು, ಎಸಳು ಕೊಟ್ಟರು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಗ್ಗಿ, ಕೋವಿಗೆ ಕೇಳುವ ಹಾಗೆ ಮೆಲ್ಲಗೆ, “ಹೆದರ್ಬೇಡ, ನಾನೇ” ಅಂದಳು. ನನಗೆ ಅಳು ಬಂದದ್ದು ಆವಾಗ.

ತೆಂಗಿನಕಾಯಿಗೆ ಗುಂಡು ಹೊಡೆಯಲು ತೋಟದ ಅಂಚಿಗೆ ಹೋದೆವು. ಎತ್ತರದ ಮರದ ತುದಿಗೆ ಕಾಯಿ ಕಟ್ಟಿದ್ದರು. “ಎಲ್ಲಿದೆ ಹೇಳು ನೋಡೋಣ” ಅಂತ ಯಾರೋ ಮಗುವನ್ನು ಕೇಳಿದರು. ಓರಗಿತ್ತಿಯೂ ಸೇರಿ ಎಲ್ಲರೂ ತಲೆ ಕುಣಿಯುವುದಕ್ಕೆ ಕಾದರು. ತಲೆ ಅಲ್ಲಾಡಲಿಲ್ಲ. ಕಣ್ಣು ಮಾತ್ರ ಮೇಲೆ ಹೋಗಿ ನಿಂತಿತು. “ಅಗೋ, ಎರಡು ಕೊಂಬೆ ಮಧ್ಯ, ಅಲ್ಲಾಡ್ತಿದೆ” ಅಂದಳು. ಮೇಲೆ ಕೆಳಗೆ ತೊಂದರೆ ಇಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗಲೂ ಓರಗಿತ್ತಿಗೆ ಹೇಳಿಲ್ಲ. ತಲೆ ಕೆಡಿಸಿಕೊಳ್ಳಲಿ.

ಅವಳ ಮಗನ ಮೊದಲ ಗುಂಡು ತಪ್ಪಿತು. ಎರಡನೆಯದೂ ತಪ್ಪಿತು. ಯಾರ ಮೇಲೆ ಹಾಕೋಣ ಅಂತ ಅವಳು ಸುತ್ತ ನೋಡಿದಾಗ ನಾನು ಮಾತಾಡದೆ ಕನ್ನಡಿಯನ್ನು ಎತ್ತಿ ಹಿಡಿದೆ.

ಸಂಜೆ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಎಷ್ಟು ಹೊತ್ತು ತಡೆಯಲಿ?

“ಜಗಲಿ ಮಾತು ನಿನಗೆ ಮೊದಲೇ ಹೇಳಬೇಕಿತ್ತು” ಅಂದೆ.

“ನಂಗ್ ಗೊತ್ತಿತ್ತು ಕಣತ್ತೆ” ಅಂದಳು, ತಿರುಗದೆ. “ಆವತ್ತು ನಾನ್ ಮಲಗಿರ್ಲಿಲ್ಲ. ಕಿಟಕಿ ಪಕ್ಕದಲ್ಲೇ ಇದ್ದೆ.”

“ನಾಲ್ಕು ವರ್ಷ ಒಂದು ಮಾತೂ ಆಡ್ಲಿಲ್ಲವಲ್ಲೇ?”

“ಮಾತ್ ಯಾಕೆ?” ಅವಳು ಕೈ ಒರೆಸಿಕೊಂಡು ಗೋಡೆಯ ಗೂಡಿನ ಕಡೆ ತೋರಿಸಿದಳು. “ನಿಮ್ ಬೆಳಗಿನ ಕಾಫಿಗೆ ನಾಲ್ಕ್ ವರ್ಷದಿಂದ ಯಾವ್ ಡಬ್ಬಿ ತೆಗೀತಿದ್ದೆ ಅಂದ್ಕೊಂಡಿದ್ರಿ?”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಮೇಜಿನ ತುಂಬ ಹಸಿರು ಬೀಜದಲ್ಲಿ ಒಂದು ಕರಿ ಬೀಜವನ್ನು ಹೆಕ್ಕುತ್ತಿದ್ದವಳು ನಾನು. ನನ್ನ ಲೋಟದ ತುಂಬ ಕರಿ ಬೀಜವೇ ಇತ್ತು! ನಾಲಿಗೆ ಹೋಯಿತು ಅಂತ ದಿನಾ ಬೆಳಿಗ್ಗೆ ಕೊರಗಿದ್ದೆ. ನಗಲು ಶುರು ಮಾಡಿದೆ. ಅವಳು ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಅವಳೂ ನಕ್ಕಳು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗು ಅಪ್ಪಣೆ ಬರಲಿಲ್ಲ ಅಂತ ಸುಮ್ಮನೆ ಕೂರುತ್ತದೆಯೇ?

ಮರುದಿನ ಬೆಳಿಗ್ಗೆ ಕಾಫಿ ಬಂತು. ಕುಡಿಯುವ ಮೊದಲು ಒಲೆಯ ಹತ್ತಿರ ಕೂತಿದ್ದ ಮೊಮ್ಮಗಳನ್ನು ಕೇಳಿದೆ. “ಯಾವ ಡಬ್ಬಿ ತೆಗೆದಳು ಮಗಾ ನಿನ್ನ ಅಮ್ಮ? ನೀನು ನೋಡಿದ್ಯಾ?”

ತಲೆಯನ್ನು ಫಟ್ಟನೆ ಗೂಡಿನ ಕಡೆಗೆ ಎಸೆದಳು. ತಲೆ ಗೂಡನ್ನು ದಾಟಿ ಹೋಯಿತು, ಕಣ್ಣು ಡಬ್ಬಿಯ ಮೇಲೆ ನಿಂತಿತು, ತಲೆ ನಿಧಾನವಾಗಿ ವಾಪಸು ಬಂತು.

“ಕರಿ ಮುಚ್ಚಳದ್ದು, ಅಜ್ಜಿ.”

ಸೊಸೆಯ ಕಡೆ ನೋಡಿದೆ. “ಸೇಡು ನಿಮಗೊಬ್ರಿಗೇನಾ?” ಅಂದಳು. “ಅದೊಂದು ಡಬ್ಬಿ ಮುಗೀಲಿ ಅತ್ತೆ. ಆಮೇಲೆ ಕೆಂಪು.”

ಎದ್ದು ಡಬ್ಬಿ ಅಲ್ಲಾಡಿಸಿ ನೋಡಿದೆ. ಇನ್ನೂ ಅರ್ಧ ಇತ್ತು. ವಾಪಸು ಬಂದು ಕೂತು ಲೋಟದ ತಳ ಕಾಣುವ ತನಕ ಕುಡಿದೆ. ಓರಗಿತ್ತಿ ಭಾನುವಾರ ಬರುತ್ತೇನೆ ಅಂದಿದ್ದಾಳೆ. ಅವಳಿಗೆ ದೊಡ್ಡ ಲೋಟದಲ್ಲಿ ಕೊಡುತ್ತೇನೆ, ಕೇಳಿದರೆ ಇನ್ನರ್ಧ ಲೋಟವನ್ನೂ ಕೊಡುತ್ತೇನೆ. ಡಬ್ಬಿ ಬೇಗ ಮುಗಿಯಬೇಕಲ್ಲ.